ನೀರು ನಿಲ್ಲುವ ಮುನ್ನ

ಯೆಹೋಶುವನ ಪುಸ್ತಕದ ಮೂರನೆಯ ಅಧ್ಯಾಯದಲ್ಲಿ ಆದಾಮ್ ಎಂಬ ಒಂದು ಊರಿನ ಹೆಸರು ಬರುತ್ತದೆ. ಸಂಡೇ ಸ್ಕೂಲಿನಲ್ಲಿ ಈ ಅಧ್ಯಾಯದ ಕತೆಯನ್ನು ಎಷ್ಟೋ ಸಲ ಕೇಳಿದ್ದೆ, ಆದರೆ ಆ ಊರು ನನ್ನ ಕಿವಿಗೆ ಬಿದ್ದಿರಲಿಲ್ಲ. ಕತೆ ಹಲವರಿಗೆ ಗೊತ್ತಿರುವುದೇ. ಇಸ್ರಾಯೇಲ್ಯರು ಯೊರ್ದನ್ ಹೊಳೆ ದಾಟಬೇಕು. ಸುಗ್ಗಿಯ ಕಾಲ, ಹೊಳೆ ದಡ ಮೀರಿ ಹರಿಯುತ್ತಿದೆ. ಮಂಜೂಷ ಹೊತ್ತ ಯಾಜಕರು ಮೊದಲು ನೀರಿಗೆ ಕಾಲಿಡಬೇಕು, ನೀರು ನಿಲ್ಲುವುದು ಆಮೇಲೆ. ಅವರು ಕಾಲಿಟ್ಟರು, ನೀರು ನಿಂತಿತು. ನಮಗೆ ಹೇಳಿಕೊಟ್ಟದ್ದು ಇಷ್ಟು. ಪಠ್ಯ ಹೇಳುವುದು ಇನ್ನೂ ಸ್ವಲ್ಪ ಹೆಚ್ಚು. ನೀರು ರಾಶಿಯಾಗಿ ನಿಂತದ್ದು ಯಾಜಕರ ಕಾಲ ಬುಡದಲ್ಲಿ ಅಲ್ಲ. ಬಹಳ ದೂರದಲ್ಲಿ, ಮೇಲಿನ ಪಾತ್ರದಲ್ಲಿ, ಆದಾಮ್ ಎಂಬ ಊರಿನ ಬಳಿ. ವಿದ್ವಾಂಸರು ಆ ಊರು ಎಂದು ಗುರುತಿಸುವ ಜಾಗ ಯೆರಿಕೋವಿನಿಂದ 20 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ.

ಕರಾವಳಿಯಲ್ಲಿ ಬೆಳೆದವರಿಗೆ ನೆರೆ ಬಂದ ಹೊಳೆ ಗೊತ್ತಿರುತ್ತದೆ. ಘಟ್ಟದ ಮೇಲೆ ಮಳೆ ಬಿಟ್ಟಿದೆಯಂತೆ ಎಂಬ ಸುದ್ದಿ ಬೆಳಿಗ್ಗೆಯೇ ಬಂದಿರುತ್ತದೆ, ತೋಟದ ನೀರು ಇಳಿಯುವಾಗ ರಾತ್ರಿಯಾಗಿರುತ್ತದೆ. ಹಾಗಾದರೆ ಆದಾಮಿನಲ್ಲಿ ನಿಂತ ನೀರಿನ ಪರಿಣಾಮ ಯೆರಿಕೋವಿನ ಎದುರು ಕಾಣಿಸಲು ಎಷ್ಟು ಹೊತ್ತು ಹಿಡಿಯಿತು? ಪವಾಡಕ್ಕೆ ಭೂಗೋಳದ ಲೆಕ್ಕ ಹಾಕಬಾರದು ಎನ್ನುವವರು ಇರಬಹುದು, ಒಪ್ಪುತ್ತೇನೆ. ಆದರೆ ಊರಿನ ಹೆಸರನ್ನೂ ದೂರವನ್ನೂ ಪಠ್ಯವೇ ಹೇಳಿದೆ, ನಾನು ಸೇರಿಸಿದ್ದಲ್ಲ. ನನ್ನ ಕಣ್ಣಿಗೆ ಈಗ ಕಾಣುವ ಚಿತ್ರ ಇದು: ಹೆಗಲ ಮೇಲೆ ಭಾರ, ಪಾದ ನೀರಿನಲ್ಲಿ, ಹೊಳೆ ಇನ್ನೂ ಹರಿಯುತ್ತಲೇ ಇದೆ. ದೂರದಲ್ಲೆಲ್ಲೋ ಅದು ನಿಂತಿರಬಹುದು, ನಿಂತಿಲ್ಲದಿರಬಹುದು. ನಿಂತವರಿಗೆ ತಿಳಿಯುವ ದಾರಿಯಿಲ್ಲ.

ಈ ಹೊತ್ತನ್ನು ಸಾಹಿತ್ಯ ಹೇಗೆ ಬರೆಯುತ್ತದೆ ಎಂಬುದು ಇಲ್ಲಿ ನನ್ನ ಪ್ರಶ್ನೆ. ಹೆಚ್ಚಿನ ಸಲ ಬರೆಯುವುದೇ ಇಲ್ಲ ಎಂಬುದು ನನ್ನ ಗುಮಾನಿ.

ನಮ್ಮ ಸಭೆಗಳಲ್ಲಿ ‘ಸಾಕ್ಷಿ ಹೇಳುವುದು’ ಎಂಬ ಪದ್ಧತಿ ಇದೆ. ಆರಾಧನೆಯ ನಡುವೆಯೋ ಮನೆಪ್ರಾರ್ಥನೆಯಲ್ಲೋ ಒಬ್ಬರು ಎದ್ದು ನಿಂತು ದೇವರು ತಮ್ಮ ಬದುಕಿನಲ್ಲಿ ಮಾಡಿದ್ದನ್ನು ಹೇಳುತ್ತಾರೆ. ಕೆಲಸ ಬಿಟ್ಟೆ, ಕೈಯಲ್ಲಿ ಏನೂ ಇರಲಿಲ್ಲ, ಮೂರನೆಯ ತಿಂಗಳಿಗೆ ಬಾಗಿಲು ತೆರೆಯಿತು. ಕನ್ನಡದ ‘ಸಾಕ್ಷಿ’ ಎಂಬ ಪದ ಇಲ್ಲಿ ವಿಚಿತ್ರವಾಗಿ ಎರಡು ಕೆಲಸ ಮಾಡುತ್ತದೆ. ನೋಡಿದವನು ಹೇಳುವ ಮಾತೂ ಸಾಕ್ಷಿ, ‘ಇದಕ್ಕೇನು ಸಾಕ್ಷಿ?’ ಎಂದು ಕೇಳಿದಾಗ ಮುಂದಿಡುವ ಪುರಾವೆಯೂ ಸಾಕ್ಷಿ. ಒಂದೇ ಪದದಲ್ಲಿ ಎರಡೂ ಬೆರೆತಿರುವುದರಿಂದ ಹೇಳಿದ ಕತೆಯೇ ತನಗೆ ತಾನೇ ಪುರಾವೆಯಾಗಿಬಿಡುತ್ತದೆ. ಬಾಗಿಲು ತೆರೆದವರು ಮಾತ್ರ ಎದ್ದು ನಿಲ್ಲುತ್ತಾರೆ. ತೆರೆಯದವರು ಬೆಂಚಿನಲ್ಲೇ ಕೂತಿರುತ್ತಾರೆ. ಅವರಿಗೆ ಹೇಳಲು ಕತೆಯಿಲ್ಲ ಎಂದಲ್ಲ, ಅವರ ಕತೆಗೆ ಈ ಪ್ರಕಾರದಲ್ಲಿ ಜಾಗವಿಲ್ಲ.

ಇದನ್ನು ದೂರ ನಿಂತು ಹೇಳುತ್ತಿಲ್ಲ. ನಾನು ಒಂದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಸಹಕಾರಿ ಸಂಘವೊಂದರ ಗುಮಾಸ್ತೆಯ ಕೆಲಸ ಬಿಟ್ಟು ಸೇವೆಗೆಂದು ಬೇರೆ ಊರಿಗೆ ಹೋದರು. ಕರೆ ಬಂದಿದೆ ಎಂದು ಅವರು ನಂಬಿದ್ದರು. ಐದು ವರ್ಷವಾದರೂ ಅಲ್ಲಿನ ಪ್ರಾರ್ಥನಾ ಕೂಟ ಹನ್ನೊಂದು ಜನರನ್ನು ದಾಟಲಿಲ್ಲ. ಅಮ್ಮನ ಎರಡು ಬಳೆ, ಒಂದು ಸರ ಹೋದವು. ವಾಪಸು ಬಂದು ಅಪ್ಪ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯತೊಡಗಿದರು. ಈಗಲೂ ತಪ್ಪದೆ ದೇವಾಲಯಕ್ಕೆ ಹೋಗುತ್ತಾರೆ. ಸಾಕ್ಷಿ ಹೇಳಲು ಅವರು ಎದ್ದು ನಿಂತದ್ದನ್ನು ನಾನು ಕಂಡಿಲ್ಲ.

ನನ್ನ ಪಿಎಚ್.ಡಿ. ದಿನಚರಿ ಎಂಬ ಪ್ರಕಾರದ ಮೇಲೆ. ಡೀಟ್ರಿಕ್ ಬಾನ್‌ಹೋಫರ್‌ನ 1939ರ ನ್ಯೂಯಾರ್ಕ್ ದಿನಚರಿಯನ್ನು ಹೋಲಿಕೆಗೆಂದು, ಇಂಗ್ಲಿಷ್ ಅನುವಾದದಲ್ಲಿ ಕೈಗೆತ್ತಿಕೊಂಡೆ. ಕೆಲವೇ ವಾರಗಳ ಬರಹ ಅದು. ಬಾನ್‌ಹೋಫರ್ ಎಂದರೆ ಹಿಟ್ಲರನನ್ನು ಎದುರಿಸಿದ ಜರ್ಮನ್ ಪಾದ್ರಿ, 39ನೆಯ ವಯಸ್ಸಿಗೆ ನೇಣಿಗೇರಿದವ ಎಂದಷ್ಟೇ ಗೊತ್ತಿರುವವರಿಗೆ ಈ ಪುಟಗಳು ನಿರಾಸೆ ತರಬಹುದು. ಇಲ್ಲಿ ವೀರನಿಲ್ಲ. ಒಬ್ಬ ಮನುಷ್ಯ ವಿಪರೀತ ಸಿಗರೇಟು ಸೇದುತ್ತಾನೆ, ಜರ್ಮನಿಯಿಂದ ಕಾಗದ ಬರಲಿಲ್ಲವೆಂದು ಚಡಪಡಿಸುತ್ತಾನೆ, ಬೀದಿ ಸುತ್ತುತ್ತಾನೆ. ಹಳ್ಳಿಮನೆಯೊಂದಕ್ಕೆ ಕರೆದೊಯ್ದಾಗ ತೋಟದ ತುಂಬ ಮಿಂಚುಹುಳುಗಳನ್ನು ಕಂಡು ಬೆರಗಾಗುತ್ತಾನೆ. ಅವನ್ನು ಅವನು ಮೊದಲ ಸಲ ನೋಡಿದ್ದಂತೆ. (ನಮ್ಮೂರಲ್ಲಿ ಮುಂಗಾರಿಗೆ ಮುಂಚೆ ಮರವಿಡೀ ಮಿನುಗುವುದನ್ನು ನೋಡಿದ್ದರೆ ಏನು ಬರೆಯುತ್ತಿದ್ದನೋ.)

ದಿನಚರಿಗೆ ಬರುವ ಮುಂಚೆ ಅದಕ್ಕಿಂತ ಎರಡು ವರ್ಷ ಹಿಂದಿನ ಒಂದು ಪುಸ್ತಕದ ಮಾತು ಆಡಬೇಕು. 1937ರ ‘ನಾಖ್‌ಫೋಲ್ಗೆ’, ಅಂದರೆ ಹಿಂಬಾಲಿಸುವಿಕೆ. ನಾಜಿ ಆಡಳಿತಕ್ಕೆ ಮಣಿಯದ ಸಭೆಯವರಿಗಾಗಿ ಬಾನ್‌ಹೋಫರ್ ನಡೆಸುತ್ತಿದ್ದ ಫಿಂಕೆನ್‌ವಾಲ್ಡೆಯ ಸೆಮಿನರಿಯನ್ನು ಗೆಸ್ಟಾಪೊ ಅದೇ ವರ್ಷ ಮುಚ್ಚಿಸಿತ್ತು. ಕರೆ ಬಂದಾಗ ಏನು ಮಾಡಬೇಕು ಎಂಬುದಕ್ಕೆ ಈ ಪುಸ್ತಕದಲ್ಲಿ ತಡವರಿಕೆಯೇ ಇಲ್ಲ. ಸುಂಕದ ಕಟ್ಟೆಯಲ್ಲಿ ಕೂತಿದ್ದ ಲೇವಿಯನ್ನು ಯೇಸು ಕರೆಯುತ್ತಾನೆ, ಲೇವಿ ಎದ್ದು ಹೋಗುತ್ತಾನೆ. ಕರೆಗೂ ನಡೆಗೂ ನಡುವೆ ಅವನ ಮನಸ್ಸಿನಲ್ಲಿ ಏನಾಯಿತೆಂದು ಸುವಾರ್ತೆ ಹೇಳುವುದಿಲ್ಲ. ಆ ಮೌನವೇ ಮುಖ್ಯ, ಅಲ್ಲಿ ಮನಶ್ಶಾಸ್ತ್ರ ತುಂಬಬೇಡಿ ಎನ್ನುವುದು ಬಾನ್‌ಹೋಫರ್‌ನ ವಾದ. ನಂಬಿಕೆ ಬಂದ ಮೇಲೆ ವಿಧೇಯನಾಗುತ್ತೇನೆ ಎನ್ನುವವನಿಗೆ ನಂಬಿಕೆ ಬರುವುದೇ ಇಲ್ಲ, ಮೊದಲ ಹೆಜ್ಜೆಯೇ ನಂಬಿಕೆ ಸಾಧ್ಯವಾಗುವ ಜಾಗಕ್ಕೆ ಕರೆದೊಯ್ಯುತ್ತದೆ, ಪೇತ್ರ ದೋಣಿಯಿಂದ ಇಳಿಯದೆ ಗತ್ಯಂತರವಿಲ್ಲ ಎನ್ನುತ್ತಾನೆ.

ಕನ್ನಡದಲ್ಲಿ ‘ನಡೆ’ ಎಂದರೆ ಹೆಜ್ಜೆಯೂ ಹೌದು, ಬಾಳುವ ರೀತಿಯೂ ಹೌದು. ಆದ್ದರಿಂದ ಈ ವಾದ ನಮ್ಮ ಕಿವಿಗೆ ಅಷ್ಟೇನೂ ಹೊಸದಾಗಿ ಕೇಳಿಸದು. ಪುಸ್ತಕ ಸೊಗಸಾಗಿದೆ. ಆದರೆ ಓದುತ್ತ ಓದುತ್ತ ನನಗೆ ಒಂದು ಕಿರಿಕಿರಿ ಶುರುವಾಯಿತು. ಅದರ ವಾಕ್ಯಗಳಿಗೆ ಅಪ್ಪಣೆಯ ಲಯ ಇದೆ. ಕರೆ, ಹೆಜ್ಜೆ, ನಂಬಿಕೆ ಒಂದರ ಹಿಂದೊಂದು ಬಿಗಿಯಾಗಿ ಬರುತ್ತವೆ, ನಡುವೆ ಉಸಿರಾಡಲು ಸಂದಿಲ್ಲ. ಪೇತ್ರ ತಾನಾಗಿ ನೀರಿಗಿಳಿಯಲಿಲ್ಲ, ಕರೆಸಿಕೊಂಡೇ ಇಳಿದ ಎಂದು ಬಾನ್‌ಹೋಫರ್ ಎಚ್ಚರಿಸುತ್ತಾನೆ ನಿಜ. ಆದರೆ ತಪ್ಪಾಗಿ ಇಳಿದವನಿಗೂ ಇಳಿಯುವಾಗ ಕರೆ ಕೇಳಿಸಿರುತ್ತದಲ್ಲ? ಈ ಪ್ರಶ್ನೆ ಪುಸ್ತಕವನ್ನು ಕಾಡುವುದಿಲ್ಲ. ದಿನಚರಿಯನ್ನು ಕಾಡುತ್ತದೆ.

1939ರ ಜೂನ್ 12ರಂದು ಅವನು ನ್ಯೂಯಾರ್ಕಿಗೆ ಬಂದಿಳಿದ. ಅವನ ವಯಸ್ಸಿನವರಿಗೆ ಸೈನ್ಯದ ಕರೆ ಬರುವುದರಲ್ಲಿತ್ತು. ಹೋದರೆ ಆತ್ಮಸಾಕ್ಷಿಗೆ ವಿರುದ್ಧ, ನಿರಾಕರಿಸಿದರೆ ತನ್ನ ಸಭೆಯವರೆಲ್ಲರಿಗೂ ಆಪತ್ತು. ಅಮೆರಿಕದ ಗೆಳೆಯರು ಕೆಲಸ ಹುಡುಕಿಟ್ಟಿದ್ದರು. ಜರ್ಮನಿಯಿಂದ ಓಡಿಬಂದ ನಿರಾಶ್ರಿತರ ನಡುವಿನ ಕೆಲಸ ಅದು. ಒಪ್ಪಿಕೊಂಡರೆ ಹಿಂದಿರುಗುವ ದಾರಿ ಮುಚ್ಚಿದಂತೆಯೇ. ಜೂನ್ 20ರಂದು ಅವನು ಅದನ್ನು ನಿರಾಕರಿಸಿದ.

ಆ ದಿನದ ಬರಹವೇ ನನ್ನ ಮಟ್ಟಿಗೆ ದಿನಚರಿಯ ಮುಖ್ಯ ಪುಟ. ತನ್ನ ಯಾವ ತೀರ್ಮಾನದ ಹಿಂದಿನ ಕಾರಣವೂ ತನಗೆ ಪೂರ್ತಿ ಸ್ಪಷ್ಟವಾಗಿರುವುದಿಲ್ಲ ಎಂದು ಅವನು ಬರೆದುಕೊಳ್ಳುತ್ತಾನೆ. ಇದು ಮನಸ್ಸಿನ ಗೊಂದಲವೋ, ಒಳಗಿನ ಅಪ್ರಾಮಾಣಿಕತೆಯೋ, ಅಥವಾ ನಮ್ಮ ಅರಿವನ್ನು ಮೀರಿ ಯಾರೋ ನಡೆಸುತ್ತಿರುವುದರ ಗುರುತೋ, ಇಲ್ಲ ಎರಡೂ ಇರಬಹುದೋ ಎಂದು ಕೇಳಿಕೊಳ್ಳುತ್ತಾನೆ. ಇತರರಿಗೂ ತನಗೂ ಕೊಟ್ಟುಕೊಳ್ಳುವ ಕಾರಣಗಳು ಸಾಲವು, ಯಾವುದನ್ನು ಬೇಕಾದರೂ ಸಮರ್ಥಿಸಬಹುದು ಎನ್ನುತ್ತಾನೆ. ‘ನಾಖ್‌ಫೋಲ್ಗೆ’ ಬರೆದ ಕೈಯೇ ಇದು! ಲೇವಿಯ ಮನಸ್ಸಿನೊಳಗೆ ಇಣುಕಬೇಡಿ ಎಂದವನು ಎರಡೇ ವರ್ಷದಲ್ಲಿ ತನ್ನ ಮನಸ್ಸಿನೊಳಗೆ ಇಣುಕಿ ಏನೂ ಕಾಣದೆ ಕೂತಿದ್ದಾನೆ.

ಅಂದು ಅವನಿಗೆ ಮೇಲಿನಿಂದ ಏನಾದರೂ ಗುರುತು ಸಿಕ್ಕಿತೇ? ಹೆರ್ನ್‌ಹುಟ್ ಎಂಬ ಊರಿನ ಮೊರೇವಿಯನ್ ಸಮುದಾಯ 1731ರಿಂದ ಪ್ರತಿ ವರ್ಷ ಅಚ್ಚು ಹಾಕುತ್ತ ಬಂದಿರುವ ದಿನಕ್ಕೊಂದು ವಚನದ ಪುಸ್ತಕವನ್ನು ಬಾನ್‌ಹೋಫರ್ ತಪ್ಪದೆ ಓದುತ್ತಿದ್ದ. ನಮ್ಮ ಮನೆಗಳಲ್ಲಿ ವಾಗ್ದಾನದ ಕ್ಯಾಲೆಂಡರಿನ ಹಾಳೆ ಹರಿದು ಓದುವ ಹಾಗೆ. ನಿರಾಕರಿಸಿದ ದಿನದ ಓದು ಧೈರ್ಯ ಹೇಳುವಂಥದ್ದಾಗಿರಲಿಲ್ಲ. ಅದು ದೇವರ ಕಠಿಣವಾದ ನ್ಯಾಯತೀರ್ಪಿನ ಮಾತಾಗಿತ್ತು ಎಂದು ಅವನೇ ಬರೆಯುತ್ತಾನೆ. ಈ ತೀರ್ಮಾನ ಹೊರಗಿನಿಂದ ಎಷ್ಟೇ ಧೀರವಾಗಿ ಕಂಡರೂ ಅದರೊಳಗೆ ಎಷ್ಟು ಸ್ವಂತದ ಭಾವನೆ, ಎಷ್ಟು ಅಂಜಿಕೆ ಬೆರೆತಿದೆ ಎಂಬುದು ದೇವರಿಗೆ ಕಾಣುತ್ತದೆ ಎಂದು ಸೇರಿಸುತ್ತಾನೆ. ಹೆಜ್ಜೆ ಇಟ್ಟ ದಿನ ಸಿಕ್ಕಿದ್ದು ಇಷ್ಟು.

ಆರು ದಿನದ ನಂತರ, ಜೂನ್ 26ರಂದು, ಬೇರೆ ವಚನವೊಂದು ಎದುರಾಗುತ್ತದೆ. ಸೆರೆಯಲ್ಲಿದ್ದ ಪೌಲನು ತಿಮೊಥೆಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ, ಚಳಿಗಾಲ ಶುರುವಾಗುವ ಮುಂಚೆ ಬಂದು ಸೇರು ಎಂದು ಕೇಳಿಕೊಳ್ಳುವ ಮಾತು. ಅದು ಬಾನ್‌ಹೋಫರ್‌ನನ್ನು ದಿನವಿಡೀ ಬಿಡುವುದಿಲ್ಲ. ಅದು ತನಗೇ ಹೇಳಿದ್ದು ಎಂದುಕೊಂಡರೆ ವೇದವಾಕ್ಯದ ದುರುಪಯೋಗವಾಗದು ಎಂದು ಬರೆದುಕೊಳ್ಳುತ್ತಾನೆ.

ಕೆಲವು ವರ್ಷಗಳ ಹಿಂದೆ ಒಂದು ಪ್ರಸಂಗದಲ್ಲಿ ಈ ಘಟನೆಯನ್ನು ಕೇಳಿದ್ದೆ. ಅಲ್ಲಿ ಕ್ರಮ ತಿರುಗುಮುರುಗಾಗಿತ್ತು: ಬಾನ್‌ಹೋಫರ್ ಏನು ಮಾಡುವುದೆಂದು ತಿಳಿಯದೆ ಬೈಬಲ್ ತೆರೆದ, ಚಳಿಗಾಲಕ್ಕೆ ಮುಂಚೆ ಬಾ ಎಂಬ ವಚನ ಕಣ್ಣಿಗೆ ಬಿತ್ತು, ಎದ್ದು ಹೊರಟ. ಹೇಳಿದವರು ಸುಳ್ಳು ಹೇಳಬೇಕೆಂದು ಹೇಳಿರಲಾರರು. ಸಾಕ್ಷಿಯ ಪ್ರಕಾರವೇ ಅವರ ಬಾಯಲ್ಲಿ ತಾರೀಖನ್ನು ಬದಲಿಸಿತು. ಆ ಪ್ರಕಾರಕ್ಕೆ ಮೊದಲು ಗುರುತು ಬೇಕು, ಆಮೇಲೆ ಹೆಜ್ಜೆ, ಕೊನೆಗೆ ಫಲ. ದಿನಚರಿಯಲ್ಲಿ ಮೊದಲು ಹೆಜ್ಜೆ, ಅದೂ ಅನುಮಾನದ ಹೆಜ್ಜೆ. ಅದರ ಬೆನ್ನಿಗೆ ಗದರಿಕೆ. ಆರು ದಿನ ಕಳೆದ ಮೇಲೆ ಒಂದು ವಚನ, ಅದೂ ಸಮಾಧಾನದ್ದಲ್ಲ, ಚಳಿಯ ನೆನಪು ತರುವಂಥದ್ದು. ಈ ಆರು ದಿನವನ್ನು ಅಳಿಸಿದರೆ ಉಳಿಯುವುದು ಬೇರೆಯೇ ಮನುಷ್ಯ.

ರೈನ್‌ಹೋಲ್ಡ್ ನೀಬರ್‌ಗೆ ಅವನು ಬರೆದ ಪತ್ರವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ನೀಬರ್ ಅದನ್ನು ಬಾನ್‌ಹೋಫರ್ ತೀರಿಹೋದ ಮೇಲೆ ಉದ್ಧರಿಸಿದ್ದರಿಂದ ಅದು ಲೋಕಪ್ರಸಿದ್ಧವಾಯಿತು. ಅಮೆರಿಕಕ್ಕೆ ಬಂದದ್ದು ತಪ್ಪು, ಈ ಕಷ್ಟಕಾಲವನ್ನು ಜರ್ಮನಿಯ ಕ್ರೈಸ್ತರೊಂದಿಗೆ ಕಳೆಯದಿದ್ದರೆ ಯುದ್ಧದ ನಂತರ ಅವರ ಬದುಕು ಕಟ್ಟುವುದರಲ್ಲಿ ಪಾಲುಗೊಳ್ಳುವ ಹಕ್ಕು ತನಗಿರದು ಎಂಬುದು ಅದರ ಸಾರ. ತರ್ಕ ಅಚ್ಚುಕಟ್ಟು, ದನಿ ಗಟ್ಟಿ. ಯಾವುದು ನಿಜವಾದ ಬಾನ್‌ಹೋಫರ್? ಎರಡೂ ನಿಜ ಎಂದು ತೋರುತ್ತದೆ. ಇನ್ನೊಬ್ಬರಿಗೆ ಕಾರಣ ಕೊಡಲೇಬೇಕಾದಾಗ ಕೊಟ್ಟದ್ದು ಪತ್ರ, ಆ ಕಾರಣಗಳನ್ನು ತಾನೇ ಪೂರ್ತಿ ನಂಬದೆ ಬರೆದುಕೊಂಡದ್ದು ದಿನಚರಿ. ನಮ್ಮ ವಿಮರ್ಶೆ ಮಾತ್ರ ಪತ್ರವನ್ನೇ ಮುಂದಿಟ್ಟುಕೊಂಡು ಬಂದಿದೆ. ಅದನ್ನು ಉದ್ಧರಿಸುವುದು ಸುಲಭ.

ಜುಲೈ 7ರ ರಾತ್ರಿ ಅವನು ಹಡಗು ಹತ್ತಿದ. ಹಡಗಿನಲ್ಲಿ ಬರೆದ ಪುಟದಲ್ಲಿ, ಮುಂದಿನ ದಿನಗಳ ಬಗ್ಗೆ ಇದ್ದ ಒಳಗಿನ ತುಮುಲ ಹಡಗು ಹತ್ತಿದಂದಿನಿಂದ ಇಲ್ಲವಾಗಿದೆ ಎನ್ನುತ್ತಾನೆ. ಈ ನೆಮ್ಮದಿಯನ್ನು ದೃಢೀಕರಣ ಎನ್ನಬಹುದೇ? ಎಳೆದಾಡಿಸಿದ ತೀರ್ಮಾನ ಮುಗಿದಾಗ, ಅದು ತಪ್ಪು ತೀರ್ಮಾನವಾಗಿದ್ದರೂ, ಮನಸ್ಸು ಹಗುರವಾಗುತ್ತದೆ. ಆದ್ದರಿಂದ ಇದನ್ನು ಪುರಾವೆಯಾಗಿ ಯಾರ ಮುಂದೂ ಇಡಲಾಗದು. ಬಾನ್‌ಹೋಫರ್ ಕೂಡ ಇಡುವುದಿಲ್ಲ, ಒಂದು ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಆ ಸಂಯಮ ನನಗೆ ಇಷ್ಟ.

ಆಮೇಲಿನದು ಚರಿತ್ರೆ. 1943ರ ಏಪ್ರಿಲ್ 5ರಂದು ಬಂಧನ, ಟೇಗೆಲ್ ಸೆರೆಮನೆ. 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ನೇಣು. ಯುರೋಪಿನಲ್ಲಿ ಯುದ್ಧ ಮುಗಿಯಲು ಒಂದು ತಿಂಗಳಿತ್ತು ಅಷ್ಟೆ. ಈ ಕೊನೆ ಗೊತ್ತಿರುವ ನಾವು 1939ರ ಪುಟಗಳನ್ನು ಹುತಾತ್ಮನ ಮುನ್ನುಡಿಯೆಂದು ಓದಿಬಿಡುತ್ತೇವೆ. ದಿನಚರಿ ಬರೆದವನಿಗೆ ಮರುದಿನದ ಪುಟ ಖಾಲಿ, ನಮಗೆ ಅದು ಮೊದಲೇ ತುಂಬಿದೆ. ಈ ಪ್ರಕಾರವನ್ನು ಓದುವ ಎಲ್ಲರಿಗೂ ಇರುವ ತೊಡಕು ಇದು, ಇಲ್ಲಿ ಸ್ವಲ್ಪ ಹೆಚ್ಚು.

ಹೆಚ್ಚು ಎನ್ನಲು ಕಾರಣವಿದೆ. ಬಾನ್‌ಹೋಫರ್‌ನ ಕೊನೆಯ ಗಳಿಗೆಗಳ ಬಗ್ಗೆ ಎಲ್ಲೆಡೆ ಉದ್ಧೃತವಾಗುವ ಒಂದು ಹೇಳಿಕೆ ಇದೆ. ಅವನು ಮೊಣಕಾಲೂರಿ ಪ್ರಾರ್ಥಿಸಿದ, ಶಾಂತವಾಗಿ ನೇಣುಗಂಬದ ಮೆಟ್ಟಿಲು ಹತ್ತಿದ, ಕೆಲವೇ ಕ್ಷಣಗಳಲ್ಲಿ ಪ್ರಾಣ ಹೋಯಿತು ಎಂದು. ಹೇಳಿದವನು ಆ ಶಿಬಿರದ ವೈದ್ಯ, ಕೊಂದವರ ಕಡೆಯವನು, ಅದೂ ಯುದ್ಧ ಮುಗಿದು ವರ್ಷಗಳಾದ ಮೇಲೆ. ಆ ವಿವರಗಳು ನಂಬಲರ್ಹವಲ್ಲ ಎಂದು ನಂತರದ ಸಂಶೋಧಕರು ವಾದಿಸಿದ್ದಾರೆ. ಆದರೂ ಜೀವನಚರಿತ್ರೆಗಳಲ್ಲಿ, ಪ್ರಸಂಗಗಳಲ್ಲಿ ಅದು ಉಳಿದುಕೊಂಡಿದೆ. ಕತೆಗೆ ತಕ್ಕ ಕೊನೆ ಬೇಕೆಂಬ ನಮ್ಮ ಹಸಿವು ಎಷ್ಟಿದೆಯೆಂದರೆ ಅದಕ್ಕಾಗಿ ಕೊಲೆಗಡುಕರ ವೈದ್ಯನಿಂದಲೂ ಸಾಕ್ಷಿ ಪಡೆಯುತ್ತೇವೆ. ಅವನು ಶಾಂತನಾಗಿ ಸತ್ತಿರಬಹುದು. ಹೆದರಿ, ನರಳಿ ಸತ್ತಿದ್ದರೆ ಜೂನ್ 20ರ ನಿರ್ಧಾರ ತಪ್ಪಾಗುತ್ತಿತ್ತೇ?

ಈ ಪ್ರಶ್ನೆಗೆ ಬಾನ್‌ಹೋಫರ್‌ನ ಬರಹದಲ್ಲೇ ಒಂದು ಉತ್ತರದ ಎಳೆ ಸಿಗುತ್ತದೆ. 1944ರ ಜುಲೈ 20ರಂದು ಹಿಟ್ಲರನನ್ನು ಕೊಲ್ಲುವ ಪ್ರಯತ್ನ ಸೋತಿತು. ಅದರಲ್ಲಿ ಅವನ ಹತ್ತಿರದವರಿದ್ದರು. ಮರುದಿನ ಸೆರೆಮನೆಯಿಂದ ಗೆಳೆಯ ಎಬರ್‌ಹಾರ್ಡ್ ಬೆಟ್‌ಗೆಗೆ ಅವನು ಪತ್ರ ಬರೆಯುತ್ತಾನೆ. ಹಿಂದೆ ಅಮೆರಿಕದಲ್ಲಿದ್ದಾಗ ಒಬ್ಬ ಫ್ರೆಂಚ್ ಪಾದ್ರಿಯೊಡನೆ ಆಡಿದ ಮಾತನ್ನು ನೆನೆಯುತ್ತಾನೆ. ಬದುಕಿನಲ್ಲಿ ಏನಾಗಬೇಕೆಂದಿದ್ದೀ ಎಂಬ ಮಾತು ಬಂದಾಗ ಆ ಗೆಳೆಯ ಸಂತನಾಗಬೇಕು ಎಂದನಂತೆ, ಬಾನ್‌ಹೋಫರ್ ತನಗೆ ನಂಬಲು ಕಲಿಯಬೇಕು ಎಂದನಂತೆ. ಪವಿತ್ರ ಬದುಕು ಬಾಳಲು ಯತ್ನಿಸಿದರೆ ನಂಬಲು ಕಲಿಯಬಹುದು ಎಂದುಕೊಂಡಿದ್ದೆ, ಆ ದಾರಿಯ ಕೊನೆಯಲ್ಲಿ ‘ನಾಖ್‌ಫೋಲ್ಗೆ’ ಬರೆದೆ, ಅದರ ಅಪಾಯಗಳು ಈಗ ಕಾಣುತ್ತವೆ, ಆದರೂ ಬರೆದದ್ದರ ಜೊತೆ ನಿಲ್ಲುತ್ತೇನೆ ಎಂದು ಮುಂದುವರಿಸುತ್ತಾನೆ. ಈ ಲೋಕದ ಕೆಲಸ, ಪ್ರಶ್ನೆ, ಗೆಲುವು, ಸೋಲು, ಗೊಂದಲಗಳ ನಡುವೆ ಪೂರ್ತಿಯಾಗಿ ಬದುಕಿಯೇ ನಂಬಲು ಕಲಿಯುವುದು ಎಂಬುದು ಈಗಿನ ತಿಳಿವು.

ಸೋಲು ಎಂಬುದು ಆ ಪಟ್ಟಿಯಲ್ಲಿದೆ. ತಮ್ಮವರ ಅತಿ ದೊಡ್ಡ ಹೆಜ್ಜೆ ಮುಗ್ಗರಿಸಿದ ಮಾರನೆಯ ದಿನ ಬರೆದ ಪತ್ರದಲ್ಲಿ ಸೋಲು ಕಲಿಕೆಯ ಜಾಗವಾಗಿ ಬರುತ್ತದೆ, ಕರೆ ಸುಳ್ಳಾಗಿತ್ತು ಎಂಬುದಕ್ಕೆ ಪುರಾವೆಯಾಗಿ ಅಲ್ಲ. ‘ನಾಖ್‌ಫೋಲ್ಗೆ’ಯ ಬಿಗಿ ವಾಕ್ಯಗಳಿಗೆ ಸಿಗದ ಸಂದು ಇಲ್ಲಿ ಸಿಕ್ಕಿದೆ. ಹಳೆಯ ಪುಸ್ತಕವನ್ನು ತಳ್ಳಿಹಾಕದೆ, ಹಾಗೆಂದು ರಕ್ಷಿಸಲೂ ಹೋಗದೆ ಒಬ್ಬ ಲೇಖಕ ತನ್ನ ಕೃತಿಯ ಬಗ್ಗೆ ಹೀಗೆ ಬರೆಯುವುದು ಅಪರೂಪ.

ಹೊಸ ಒಡಂಬಡಿಕೆಯಲ್ಲೂ ಇಂಥ ಒಂದು ಪುಟವಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಹನ್ನೊಂದನೆಯ ಅಧ್ಯಾಯ ನಂಬಿ ನಡೆದವರ ದೊಡ್ಡ ಪಟ್ಟಿ. ಎಲ್ಲಿಗೆ ಹೋಗುತ್ತೇನೆಂದು ತಿಳಿಯದೆ ಹೊರಟ ಅಬ್ರಹಾಮನಿಂದ ಹಿಡಿದು ಹಲವರಿದ್ದಾರೆ. ಪ್ರಸಂಗಗಳಲ್ಲಿ ಪಟ್ಟಿಯ ಮೊದಲ ಭಾಗವನ್ನೇ ಹೆಚ್ಚಾಗಿ ಓದುತ್ತಾರೆ. ಮೂವತ್ತೈದನೆಯ ವಚನದ ನಡುವೆ ದನಿ ಬದಲಾಗುತ್ತದೆ: ಸೆರೆಗೆ ಬಿದ್ದವರು, ಕಲ್ಲೆಸೆತಕ್ಕೆ ಸತ್ತವರು, ಗುಹೆಗಳಲ್ಲಿ ಅಲೆದವರು ಬರುತ್ತಾರೆ, ಅವರಿಗೆ ಹೆಸರಿಲ್ಲ. ಕೊನೆಗೆ ಇವರೆಲ್ಲರೂ ವಾಗ್ದಾನವಾದದ್ದನ್ನು ಹೊಂದಲಿಲ್ಲ ಎಂದು ಪತ್ರಿಕೆ ಸ್ಪಷ್ಟವಾಗಿ ಹೇಳುತ್ತದೆ. ಬೆಂಚಿನಲ್ಲೇ ಕೂತವರ ಸಾಲು ಇದೇ ಎಂದು ನಾನು ಓದಿಕೊಳ್ಳುತ್ತೇನೆ.

ಹೋದ ತಿಂಗಳು ಊರಿಗೆ ಹೋದಾಗ ಜೂನ್ 20ರ ಪುಟವನ್ನು ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅವರು ಪೇಪರ್ ಮಡಚಿಟ್ಟು ಕೇಳಿಸಿಕೊಂಡರು. ಸುಮ್ಮನಿದ್ದು, ಹಡಗು ಹತ್ತಿದ್ದು ಯಾವತ್ತು ಅಂದೆ ಎಂದು ಕೇಳಿದರು. ಜುಲೈ ಏಳು ಎಂದೆ. ಬೆರಳಲ್ಲಿ ಎಣಿಸಿದರು.

“ಹದಿನೇಳು ದಿನ ಆಯ್ತಲ್ಲ. ಅಷ್ಟು ದಿನ ಏನು ಮಾಡಿದ್ನಂತೆ?”

“ಓದಿದ, ಬರೆದ. ಊರಿನ ಸುದ್ದಿ ಏನಾದ್ರೂ ಉಂಟಾ ಅಂತ ಪೇಪರ್ ನೋಡಿದ. ಸುಮಾರು ನಡೆದ.”

“ಹ್ಞೂಂ,” ಎಂದರು ಅಪ್ಪ. ಅಡುಗೆಮನೆಯಿಂದ ಅಮ್ಮ, ಹೆಂಡತಿ ಮಕ್ಕಳು ಇದ್ರಾ ಅವನಿಗೆ ಎಂದು ಕೇಳಿದರು. ಇರಲಿಲ್ಲ ಎಂದೆ. ಅವರು ಮತ್ತೇನೂ ಕೇಳಲಿಲ್ಲ.